ನೂರು ರೈತರು, ಒಂದು ಈರುಳ್ಳಿ ಬೆಲೆ

ದಾವಣಗೆರೆಯಲ್ಲಿ ‘ಏಜೆಂಟ್’ ಎಂದೊಡನೆ ನೆನಪಾಗುವುದು ಎ.ಪಿ.ಎಂ.ಸಿ. ಯಾರ್ಡಿನ ಕಮಿಷನ್ ಏಜೆಂಟ್. ಹೀಗಾಗಿ ಕಳೆದ ಬೇಸಿಗೆ ರಜೆಯಲ್ಲಿ ಹದಿನಾಲ್ಕು ಮಂದಿ ಪದವಿ ವಿದ್ಯಾರ್ಥಿಗಳಿಗಾಗಿ ಏಜೆಂಟ್ ಆಧಾರಿತ ಅರ್ಥಶಾಸ್ತ್ರದ ಹತ್ತು ದಿನಗಳ ಶಿಬಿರ ನಡೆಸಿದಾಗ, ಮೊದಲ ತರಗತಿಯ ಬಹುಪಾಲು ಆ ಪದವನ್ನು ಬಿಡಿಸಿ ಹೇಳುವುದಕ್ಕೇ ಹೋಯಿತು. ಇಲ್ಲಿ ಏಜೆಂಟ್ ಎಂದರೆ ಮಧ್ಯವರ್ತಿಯಲ್ಲ. ತನ್ನ ಕಣ್ಣಿಗೆ ಬಿದ್ದಷ್ಟನ್ನು ನೋಡಿ, ತನ್ನದೇ ಒಂದು ನಿಯಮದಂತೆ ತೀರ್ಮಾನ ಮಾಡುವ ಯಾರಾದರೂ ಸರಿ, ಅದು ರೈತನಾಗಬಹುದು, ಗಿರಾಕಿಯಾಗಬಹುದು, ಬ್ಯಾಂಕೂ ಆಗಬಹುದು. ಅಂಥ ನೂರಾರು ಏಜೆಂಟರನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿ, ಅವರ ಒಡನಾಟದಿಂದ ಬೆಲೆ, ಸಾಲ, ಅಸಮಾನತೆಗಳು ಹೇಗೆ ರೂಪುಗೊಳ್ಳುತ್ತವೆ ಎಂದು ಗಮನಿಸುವುದೇ ಈ ವಿಧಾನ.

ಪಠ್ಯಪುಸ್ತಕದ ಅರ್ಥಶಾಸ್ತ್ರದಲ್ಲಿ ಸಾಮಾನ್ಯವಾಗಿ ಎಲ್ಲ ರೈತರ ಪರವಾಗಿ ಒಬ್ಬ ಮಾದರಿ ರೈತನಿರುತ್ತಾನೆ. ಅವನ ಲೆಕ್ಕ ತಪ್ಪುವುದಿಲ್ಲ, ಅವನಿಗೆ ನೆರೆಹೊರೆಯೂ ಇರುವುದಿಲ್ಲ. ಆದರೆ ಜನ ಒಬ್ಬರನ್ನೊಬ್ಬರು ನೋಡಿ ನಡೆಯುವಾಗ ಯಾರೂ ಬಯಸದ ಫಲಿತಾಂಶವೂ ಬರಬಹುದೆಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಷ್ಟು ಹಿಂದೆಯೇ ತೋರಿಸಿದ್ದರು. ನೆರೆಯಲ್ಲಿ ತನ್ನಂಥವರು ಒಂದಿಷ್ಟು ಜನ ಇದ್ದರೆ ಸಾಕು ಎನ್ನುವ ಸೌಮ್ಯ ಬಯಕೆಯಿಂದಲೂ ಇಡೀ ಊರು ಬೇರೆ ಬೇರೆ ಕೇರಿಗಳಾಗಿ ಒಡೆದುಹೋಗುತ್ತದೆ ಎಂಬುದು ಅವರ ಮಾದರಿಯ ಫಲ. 2008ರ ಹಣಕಾಸು ಕುಸಿತದ ನಂತರ ಈ ವಿಧಾನಕ್ಕೆ ಹೆಚ್ಚಿನ ಗಮನ ದೊರೆಯಿತು.

ಶಿಬಿರದ ಹೆಚ್ಚಿನ ದಿನಗಳನ್ನು ನಾವು ಒಂದೇ ಸಮಸ್ಯೆಗೆ ಮೀಸಲಿಟ್ಟೆವು. ಅದನ್ನು 1994ರಲ್ಲಿ ಮುಂದಿಟ್ಟವರು ಅರ್ಥಶಾಸ್ತ್ರಜ್ಞ ಬ್ರಯನ್ ಆರ್ಥರ್. ಅಮೆರಿಕದ ಸಾಂಟಾ ಫೆ ಊರಿನ ಎಲ್ ಫರೋಲ್ ಎಂಬ ಬಾರಿನಲ್ಲಿ ಆಗ ಗುರುವಾರ ರಾತ್ರಿ ಸಂಗೀತವಿರುತ್ತಿತ್ತು. ಹೋಗಬೇಕೆನ್ನುವವರು 100 ಜನ. 60ಕ್ಕಿಂತ ಹೆಚ್ಚು ಜನ ಸೇರಿದರೆ ನೂಕುನುಗ್ಗಲಾಗಿ ಸಂತೋಷ ಕೆಡುತ್ತದೆ. ಜನ ಕಡಿಮೆ ಎಂದು ಎಲ್ಲರೂ ನಂಬಿದರೆ ಎಲ್ಲರೂ ಬರುತ್ತಾರೆ, ಆ ನಂಬಿಕೆ ಸುಳ್ಳಾಗುತ್ತದೆ. ಕಿಕ್ಕಿರಿಯುತ್ತದೆ ಎಂದು ಎಲ್ಲರೂ ನಂಬಿದರೆ ಬಾರು ಖಾಲಿ ಬಿದ್ದು ಅದೂ ಸುಳ್ಳಾಗುತ್ತದೆ. ಎಲ್ಲರಿಗೂ ಸರಿಹೊಂದುವ ಒಂದೇ ಅಂದಾಜು ಇಲ್ಲಿ ಸಾಧ್ಯವೇ ಇಲ್ಲ. ಆರ್ಥರ್ ತಮ್ಮ ಏಜೆಂಟರಿಗೆ ಹಲವು ಬಗೆಯ ಅಂದಾಜುಗಳನ್ನು ಹಂಚಿ, ಈಚೆಗೆ ಸರಿಹೋದದ್ದನ್ನು ಬಳಸಲು ಬಿಟ್ಟರು. ಹಾಜರಾತಿ ಏರಿಳಿಯುತ್ತಲೇ ಇದ್ದರೂ ಅದರ ಸರಾಸರಿ 60ರ ಸುತ್ತಲೇ ನಿಂತಿತು.

ಚಿತ್ರದುರ್ಗ ಸೀಮೆಯಲ್ಲಿ ಮುಂಗಾರಿನ ಈರುಳ್ಳಿ ಹಾಕುವವರ ಪಾಡೂ ಇದೇ. ಬಾರಿನ ಬದಲು ಈರುಳ್ಳಿ ಇಟ್ಟು, ನೂರು ರೈತರಲ್ಲಿ 60ಕ್ಕಿಂತ ಹೆಚ್ಚು ಜನ ಬೆಳೆದರೆ ಬೆಲೆ ಬೀಳುತ್ತದೆ, ಉಳಿದವರು ಮೆಕ್ಕೆಜೋಳ ಹಾಕುತ್ತಾರೆ ಎಂದು ವಿದ್ಯಾರ್ಥಿಗಳು ಮಾದರಿ ಕಟ್ಟಿದರು. ಉರಿ ವಿಲೆನ್ಸ್ಕಿ 1999ರಲ್ಲಿ ರೂಪಿಸಿದ, ಉಚಿತವಾಗಿ ಸಿಗುವ ನೆಟ್‌ಲೋಗೊ ಎಂಬ ತಂತ್ರಾಂಶ ಕಾಲೇಜಿನ ಹಳೆಯ ಕಂಪ್ಯೂಟರುಗಳಲ್ಲೂ ಸಲೀಸಾಗಿ ಓಡಿತು. ಹೋದ ವರ್ಷ ಬೆಲೆ ಚೆನ್ನಾಗಿದ್ದರೆ ಮಾತ್ರ ಈರುಳ್ಳಿ ಬಿತ್ತಬೇಕು ಎಂಬ ಒಂದೇ ನಿಯಮವನ್ನು ಎಲ್ಲರಿಗೂ ಕೊಟ್ಟಾಗ ಒಂದು ವರ್ಷ ನೂರಕ್ಕೆ ನೂರೂ ಹೊಲದಲ್ಲಿ ಈರುಳ್ಳಿ, ಮರುವರ್ಷ ಒಂದರಲ್ಲೂ ಇಲ್ಲ. ಬೇರೆ ಬೇರೆ ನಿಯಮಗಳನ್ನು ಹಂಚಿದಾಗ ಆ ಏರಿಳಿತ ತಗ್ಗಿತು. ಆದರೆ ಬಾರಿಗೆ ಹೋಗುವವನು ವಾರವಾರ ಕಲಿಯುತ್ತಾನೆ, ರೈತನಿಗೆ ಕಲಿಯಲು ಸಿಗುವುದು ವರ್ಷಕ್ಕೊಂದೇ ಅವಕಾಶ. ಈ ವ್ಯತ್ಯಾಸ ಸಣ್ಣದಲ್ಲ.

ಐದನೆಯ ದಿನ ಚಿತ್ರದುರ್ಗದ ಕಡೆಯ ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ಈ ನಿಯಮಗಳೆಲ್ಲ ನಮ್ಮ ಊಹೆಯಲ್ಲವೇ ಎಂದು ಕೇಳಿ, ಊಟದ ಬಿಡುವಿನಲ್ಲಿ ತಂದೆಗೆ ಫೋನ್ ಮಾಡಿದಳು. “ಅಪ್ಪಾ, ಈರುಳ್ಳಿ ಹಾಕ್ಬೇಕೋ ಬ್ಯಾಡ್ವೋ ಅಂತ ಹೆಂಗೆ ತೀರ್ಮಾನ ಮಾಡ್ತೀಯ?” ಸ್ಪೀಕರಿನಲ್ಲಿ ಬಂದ ಉತ್ತರವನ್ನು ನಾವೆಲ್ಲ ಕೇಳಿಸಿಕೊಂಡೆವು: “ಮೊದ್ಲು ಬೀಜಕ್ಕೆ, ಕಳೆ ತೆಗ್ಸಾಕೆ ದುಡ್ಡೈತಾ ನೋಡ್ತೀನಿ. ಆಮ್ಯಾಲೆ ಪಕ್ಕದ ಹೊಲದೋರು ಏನ್ ಹಾಕ್ತಾರೆ ನೋಡ್ತೀನಿ. ರೇಟು ಯಾರಿಗ್ ಗೊತ್ತವ್ವಾ.”

ನಾವು ಬೆಲೆಯ ಅಂದಾಜಿನಿಂದ ಆರಂಭಿಸಿದ್ದೆವು. ಅವರ ಲೆಕ್ಕದಲ್ಲಿ ಅದಕ್ಕೆ ಕೊನೆಯ ಸ್ಥಾನ. ನನ್ನ ಮಟ್ಟಿಗೆ ಇಡೀ ಶಿಬಿರದಲ್ಲಿ ಅತ್ಯಂತ ಬೆಲೆಬಾಳುವ ಗಳಿಗೆ ಅದು. ಅಂದು ಮಧ್ಯಾಹ್ನವೇ ಆ ತಂದೆ ಹೇಳಿದ ನಿಯಮವನ್ನೇ ಎಲ್ಲರಿಗೂ ಹಾಕಿ, ಪ್ರತಿ ರೈತನಿಗೂ ಸಮನಾದ ಒಂದು ಉಳಿತಾಯದ ಮೊತ್ತವನ್ನೂ ಇಬ್ಬರು ನೆರೆಯವರನ್ನೂ ಕೊಟ್ಟೆವು. ಮಳೆಯ ಅದೃಷ್ಟ ಹೊಲದಿಂದ ಹೊಲಕ್ಕೆ ಬೇರೆಯಾಗುವಂತೆಯೂ ಮಾಡಿದೆವು. ಮೆಕ್ಕೆಜೋಳಕ್ಕಿಂತ ಈರುಳ್ಳಿಗೆ ಖರ್ಚು ಹೆಚ್ಚು. ಆದ್ದರಿಂದ ಬೆಲೆ ಕುಸಿದ ವರ್ಷ ಕೈ ಸುಟ್ಟುಕೊಂಡವರು ಮರುವರ್ಷ ಬಯಸಿದರೂ ಅದನ್ನು ಹಾಕಲಾರರು. ಬೆಳೆ ಕಡಿಮೆಯಾಗಿ ಬೆಲೆ ಏರಿದಾಗ ಅದರ ಲಾಭ ಉಳಿತಾಯ ಕರಗದೆ ಉಳಿದವರಿಗೆ ಮಾತ್ರ. ಸಮನಾಗಿ ಹೊರಟ ನೂರು ಜನರಲ್ಲಿ ಕೆಲವರು ಬಹಳ ಮುಂದೆ ಹೋದರು, ಹಲವರು ಮೆಕ್ಕೆಜೋಳಕ್ಕೇ ಕಟ್ಟುಬಿದ್ದರು. ಇದರಲ್ಲಿ ಯಾರ ದಡ್ಡತನವೂ ಇರಲಿಲ್ಲ. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ನಿಯಮ.

ಇದನ್ನೇ ಚಿತ್ರದುರ್ಗದ ವಾಸ್ತವವೆಂದು ಸಾರುವಂತಿಲ್ಲ. 60 ಎಂಬ ಗಡಿ ಆರ್ಥರ್ ಅವರಿಂದ ತಂದದ್ದು. ಯಶವಂತಪುರದ ಮಾರುಕಟ್ಟೆಯಲ್ಲಿ ನಮ್ಮ ಈರುಳ್ಳಿಗೆ ಸಿಗುವ ಬೆಲೆಯ ಮೇಲೆ ಮಹಾರಾಷ್ಟ್ರದ ಬೆಳೆಯ ಪ್ರಭಾವವಿದೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೇರಿದಂಥ ರಫ್ತು ನಿಷೇಧವೂ ಅದನ್ನು ಅಲುಗಿಸುತ್ತದೆ. ಮಾದರಿಯನ್ನು ಒಂದು ಸಲ ಓಡಿಸಿ ಬಂದ ರೇಖಾನಕ್ಷೆಯನ್ನು ನಂಬಲೂ ಬಾರದು. ಮಳೆಯಂಥ ಅದೃಷ್ಟವನ್ನು ಮಾದರಿಯಲ್ಲಿ ತೀರ್ಮಾನಿಸುವ ಆಕಸ್ಮಿಕ ಸಂಖ್ಯೆಗಳು ಹುಟ್ಟುವ ಮೂಲವನ್ನೂ ಕಂಪ್ಯೂಟರಿನವರು ‘ಬೀಜ’ ಎಂದೇ ಕರೆಯುತ್ತಾರೆ. ಬೀಜ ಬದಲಿಸಿ ನೂರಾರು ಸಲ ಓಡಿಸಿದ ಮೇಲೂ ಉಳಿಯುವ ಚಹರೆಗೆ ಮಾತ್ರ ಬೆಲೆ. ಅದಕ್ಕಿಂತ ಕಷ್ಟದ ಮಾತೆಂದರೆ, ಬೇರೆ ಬೇರೆ ನಿಯಮಗಳೂ ಒಂದೇ ಬಗೆಯ ನಕ್ಷೆಯನ್ನು ಬರೆಯಬಲ್ಲವು. ಯಾವ ನಿಯಮ ನಿಜವೆಂದು ತಿಳಿಯಲು ನಕ್ಷೆ ಸಾಲದು, ಹೊಲಕ್ಕೇ ಹೋಗಿ ಕೇಳಬೇಕಾಗುತ್ತದೆ.

ಆ ವಿದ್ಯಾರ್ಥಿನಿ ಕೊನೆಯ ದಿನ ತನ್ನ ಕೇರಿಯ ಇಪ್ಪತ್ತು ಮನೆಗಳಿಗಾಗಿ ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದುಕೊಂಡಳು: ಬೀಜದ ದುಡ್ಡು ಎಲ್ಲಿಂದ ಬಂತು, ಯಾರ ಹೊಲ ನೋಡಿ ನಿರ್ಧರಿಸಿದಿರಿ, ದಲಾಲರಿಂದ ಮುಂಗಡ ಪಡೆದಿದ್ದೀರಾ. ಮುಂಗಡ ನಮ್ಮ ಮಾದರಿಯಲ್ಲಿ ಇರಲೇ ಇಲ್ಲ. ಮುಂದಿನ ಬೇಸಿಗೆಯಲ್ಲಿ ಕಮಿಷನ್ ಏಜೆಂಟರನ್ನೂ ಏಜೆಂಟರನ್ನಾಗಿ ಒಳಗೆ ತರಬೇಕಿದೆ.