ಹೃದಯದ ರಕ್ತನಾಳ ಪೈಪಲ್ಲ: ಇದು ಗೊತ್ತಾಗಲು ಇನ್ನೂರು ವರ್ಷ ಬೇಕಾಯಿತು

ಹದಿನೆಂಟನೇ ಶತಮಾನದ ಕೊನೆಯ ಭಾಗ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಒಂದು ಹೆಣದ ಹೃದಯ ಕೊಯ್ದು ನೋಡುತ್ತಿದ್ದರು. ಸಿಡುಬಿಗೆ ಲಸಿಕೆ ಕೊಟ್ಟರಲ್ಲ, ಅದೇ ಜೆನ್ನರ್. ಸತ್ತವನಿಗೆ ಎದೆನೋವು ಇತ್ತು. ಕೊಯ್ಯುತ್ತಿದ್ದ ಚಾಕು ಏನೋ ಗಟ್ಟಿಯಾದದ್ದಕ್ಕೆ, ಮರಳು ಮರಳಾದದ್ದಕ್ಕೆ ತಾಗಿ ಅಲಗೇ ಮುಕ್ಕಾಯಿತು. ಜೆನ್ನರ್ ತಲೆ ಎತ್ತಿ ಚಾವಣಿ ನೋಡಿದರು. ಹಳೇ ಚಾವಣಿ, ಅದರ ಗಾರೆಯೇ ಉದುರಿ ಬಿದ್ದಿರಬೇಕು ಅಂದುಕೊಂಡರು. ಮತ್ತೆ ನೋಡಿದರೆ ಗಾರೆ ಅಲ್ಲ. ಹೃದಯಕ್ಕೇ ರಕ್ತ ಕೊಡುವ ನಾಳಗಳು ಮೂಳೆಯ ಹಾಗೆ ಗಟ್ಟಿಯಾಗಿದ್ದವು.

ಈ ಎದೆನೋವನ್ನು ವಿಲಿಯಂ ಹೆಬರ್ಡನ್ ಎಂಬ ವೈದ್ಯರು 1768ರಲ್ಲೇ ಚೆನ್ನಾಗಿ ವರ್ಣಿಸಿದ್ದರು. ನಡೆಯುವಾಗ ಬರುತ್ತದೆ, ನಿಂತರೆ ಹೋಗುತ್ತದೆ. ಆಂಜೈನಾ ಎಂಬ ಹೆಸರು ಕೊಟ್ಟವರೂ ಅವರೇ. ಆದರೆ ನೋವಿಗೂ ಹೃದಯದ ನಾಳಕ್ಕೂ ನಂಟಿದೆ ಅಂತ ಅವರಿಗೆ ಹೊಳೆದಿರಲಿಲ್ಲ. ಜೆನ್ನರ್‌ಗೆ ಹೊಳೆಯಿತು, ಆದರೂ ಬಾಯಿ ಬಿಡಲಿಲ್ಲ. ಯಾಕೆಂದರೆ ಅವರ ಗುರು ಜಾನ್ ಹಂಟರ್‌ಗೂ ಅದೇ ನೋವು ಇತ್ತು. ಗುರುವಿಗೆ ಹೇಗೆ ಹೇಳುವುದು? ಹಂಟರ್‌ಗೆ ಸಿಟ್ಟು ಬಂದರೆ ಸಾಕು, ಎದೆ ಹಿಡಿದುಕೊಳ್ಳುತ್ತಿತ್ತು. ತನ್ನನ್ನು ಕೆಣಕುವ ಯಾವ ಪೋಕರಿಯ ಕೈಯಲ್ಲಿ ಬೇಕಾದರೂ ತನ್ನ ಜೀವ ಇದೆ ಅಂತ ಅವರೇ ಹೇಳಿಕೊಳ್ಳುತ್ತಿದ್ದರಂತೆ. 1793ರ ಅಕ್ಟೋಬರಿನಲ್ಲಿ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಎದ್ದು ಪಕ್ಕದ ಕೋಣೆಗೆ ಹೋದ ಹಂಟರ್ ಕುಸಿದು ಬಿದ್ದು ತೀರಿಕೊಂಡರು. ಶವಪರೀಕ್ಷೆ ಮಾಡಿದಾಗ ಅವರ ಹೃದಯದ ನಾಳಗಳೂ ಗಟ್ಟಿಯಾಗಿದ್ದವು.

ಆವತ್ತು ಕಂಡ ಚಿತ್ರ ಇವತ್ತಿಗೂ ನಮ್ಮ ತಲೆಯಲ್ಲಿದೆ. ನಾಳ ಅಂದರೆ ಪೈಪು, ವಯಸ್ಸಾದಂತೆ ಒಳಗೆ ಕಲ್ಮಶ ಕಟ್ಟಿಕೊಳ್ಳುತ್ತದೆ, ಒಂದು ದಿನ ಪೂರ್ತಿ ಮುಚ್ಚಿಹೋಗುತ್ತದೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಈ ಪೈಪಿನ ಲೆಕ್ಕಾಚಾರ ವೈದ್ಯರನ್ನೇ ಎಷ್ಟೋ ಸಲ ದಾರಿ ತಪ್ಪಿಸಿದೆ.

ಬಿಪಿಯ ಕತೆಯನ್ನೇ ನೋಡಿ. ಪೈಪು ಗಡುಸಾದರೆ ರಕ್ತ ನೂಕಲು ಒತ್ತಡ ಜಾಸ್ತಿ ಬೇಕು ತಾನೆ? ಹಾಗಾಗಿ ವಯಸ್ಸಾದವರ ಬಿಪಿ ಏರುವುದು ಸಹಜ, ಅದನ್ನು ಇಳಿಸಲು ಹೋಗಬಾರದು ಅಂತ ಇಪ್ಪತ್ತನೇ ಶತಮಾನದ ಮಧ್ಯದವರೆಗೂ ದೊಡ್ಡ ದೊಡ್ಡ ವೈದ್ಯರೇ ನಂಬಿದ್ದರು. ಇಳಿಸಬೇಕು ಅಂದರೂ ಒಳ್ಳೆಯ ಔಷಧ ಇರಲಿಲ್ಲ ಬಿಡಿ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಅವರನ್ನು 1944ರ ಮಾರ್ಚಿನಲ್ಲಿ ಹೃದಯತಜ್ಞರೊಬ್ಬರು ಪರೀಕ್ಷಿಸಿದಾಗ ಬಿಪಿ 186/108 ಇತ್ತು, ಹೃದಯ ಆಗಲೇ ಸೋಲತೊಡಗಿತ್ತು. 1945ರ ಏಪ್ರಿಲ್ 12ರಂದು ತಲೆಯ ಹಿಂಭಾಗ ವಿಪರೀತ ನೋಯುತ್ತಿದೆ ಅಂದರು. ಆಗ ಅಳೆದ ಬಿಪಿ 300/190. ಮೆದುಳಿನಲ್ಲಿ ರಕ್ತಸ್ರಾವವಾಗಿ ಅವತ್ತೇ ಹೋದರು. ಇದೆಲ್ಲ ನಡೆದದ್ದು ದೇಶದ ಅಧ್ಯಕ್ಷರಿಗೆ!

ಮೂರು ವರ್ಷದ ನಂತರ, 1948ರಲ್ಲಿ, ಮ್ಯಾಸಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಅಲ್ಲಿಯವರೆಗೆ ವೈದ್ಯರು ನೋಡುತ್ತಿದ್ದದ್ದು ಕಾಯಿಲೆ ಬಿದ್ದವರನ್ನು, ಇಲ್ಲವೇ ಸತ್ತವರನ್ನು. ಇಲ್ಲಿ ಕಾಯಿಲೆ ಇಲ್ಲದ 5,209 ಜನರನ್ನು ಸೇರಿಸಿಕೊಂಡರು. ಎರಡು ವರ್ಷಕ್ಕೊಮ್ಮೆ ಕರೆದು ಬಿಪಿ ಅಳೆದರು, ರಕ್ತ ತೆಗೆದರು, ಸಿಗರೇಟು ಸೇದ್ತೀರಾ ಅಂತ ಕೇಳಿದರು. ಆಮೇಲೆ ಸುಮ್ನೆ ಕಾದರು. ನನಗಂತೂ ಈ ಕಾಯುವಿಕೆಯೇ ಇಡೀ ಕತೆಯ ದೊಡ್ಡ ತಿರುವು ಅನಿಸುತ್ತದೆ. 1961ರ ಹೊತ್ತಿಗೆ ಲೆಕ್ಕ ಸ್ಪಷ್ಟವಾಗತೊಡಗಿತ್ತು. ಬಿಪಿ ಜಾಸ್ತಿ ಇದ್ದವರಿಗೆ, ಕೊಲೆಸ್ಟರಾಲ್ ಜಾಸ್ತಿ ಇದ್ದವರಿಗೆ ಹೃದಯದ ತೊಂದರೆಯೂ ಜಾಸ್ತಿ. ಸಿಗರೇಟೂ ಆ ಪಟ್ಟಿಗೆ ಸೇರಿತು. ‘ರಿಸ್ಕ್ ಫ್ಯಾಕ್ಟರ್’, ಅಂದರೆ ಕಾಯಿಲೆಯ ಅಪಾಯ ಹೆಚ್ಚಿಸುವ ಅಂಶ, ಎಂಬ ಮಾತು ಬಳಕೆಗೆ ಬಂದದ್ದೇ ಈ ಅಧ್ಯಯನದಿಂದ.

ವಯಸ್ಸಾದವರ ಕಾಯಿಲೆ ಅನ್ನುವ ಮಾತಿಗೂ ಅಷ್ಟರಲ್ಲಿ ಪೆಟ್ಟು ಬಿದ್ದಿತ್ತು. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಬಂತು. ಅವರ ಸರಾಸರಿ ವಯಸ್ಸು 22. ಗುಂಡು ತಗುಲಿ ಸತ್ತ ಗಟ್ಟಿಮುಟ್ಟಾದ ಹುಡುಗರು. ಅವರಲ್ಲಿ 77 ಶೇಕಡಾ ಮಂದಿಯ ನಾಳಗಳಲ್ಲಿ ಕಾಯಿಲೆಯ ಗುರುತು ಆಗಲೇ ಮೂಡಿತ್ತು!

ಹಾಗಾದರೆ ನಾಳದ ಒಳಗೆ ನಡೆಯುವುದೇನು? ಕೊಬ್ಬು ಪೈಪಿನ ಮೇಲ್ಮೈಗೆ ಜಿಡ್ಡಿನ ಹಾಗೆ ಅಂಟುವುದಿಲ್ಲ, ಗೋಡೆಯೊಳಕ್ಕೇ ನುಗ್ಗುತ್ತದೆ. ರಕ್ತನಾಳದ ಗೋಡೆ ಜೀವಂತ ಅಂಗಾಂಶ. ಒಳಗೆ ಬಂದ ಕೊಲೆಸ್ಟರಾಲನ್ನು ನುಂಗಲು ಬಿಳಿ ರಕ್ತಕಣಗಳು ಧಾವಿಸುತ್ತವೆ, ನುಂಗಿ ನುಂಗಿ ಊದಿಕೊಂಡು ಅಲ್ಲೇ ಸಾಯುತ್ತವೆ. ಗೋಡೆಯೊಳಗೆ ಒಂದು ಕುರು ಆದಂತೆ ಅಂದುಕೊಳ್ಳಿ. ಮೇಲೊಂದು ತೆಳು ಪೊರೆ ಇರುತ್ತದೆ. ಎಷ್ಟೋ ಸಲ ನಾಳದ ದಾರಿ ಅರ್ಧವೂ ಕಿರಿದಾಗಿರುವುದಿಲ್ಲ, ಅಷ್ಟರಲ್ಲೇ ಆ ಪೊರೆ ಹರಿಯುತ್ತದೆ. ಹರಿದ ಜಾಗಕ್ಕೆ ರಕ್ತ ತಾಗಿದ್ದೇ ತಡ, ಗಾಯಕ್ಕೆ ಹೆಪ್ಪುಗಟ್ಟಿದ ಹಾಗೆ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ಅದೇ ಹಾರ್ಟ್ ಅಟ್ಯಾಕ್. ಹೋದ ತಿಂಗಳು ಟ್ರೆಡ್‌ಮಿಲ್ ಟೆಸ್ಟಿನಲ್ಲಿ ನಾರ್ಮಲ್ ಅಂತ ಬಂದವರು ಈ ತಿಂಗಳು ಕುಸಿಯುವುದಕ್ಕೆ ಕಾರಣ ಇಲ್ಲಿದೆ. ಆ ಟೆಸ್ಟು ಹಿಡಿಯುವುದು ಕಿರಿದಾದ ದಾರಿಯನ್ನು, ಹರಿಯಲು ಕಾದಿರುವ ಪೊರೆಯನ್ನಲ್ಲ.

ಕಿರಿದಾದ ನಾಳ ತೆರೆದಿಡಲು ಒಳಗೆ ಕೂರಿಸುವ ಜಾಲರಿಯ ಕೊಳವೆ, ಸ್ಟೆಂಟಿನ ವಿಷಯಕ್ಕೆ ಬಂದರೆ ಇದು ಇನ್ನೂ ಸ್ಪಷ್ಟ. ಅಟ್ಯಾಕ್ ಆಗುತ್ತಿರುವಾಗಲೇ ನಾಳ ತೆರೆದರೆ ಜೀವ ಉಳಿಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಡೆಯುವಾಗ ಮಾತ್ರ ನೋವು ಬರುವ, ಸ್ಥಿರವಾಗಿರುವ ರೋಗಿಗಳ ಕತೆ ಬೇರೆ. ಅಂಥ 2,287 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2007ರಲ್ಲಿ ಹೊರಬಂತು. ಒಳ್ಳೆಯ ಔಷಧದ ಜೊತೆಗೆ ಸ್ಟೆಂಟೂ ಹಾಕಿಸಿಕೊಂಡವರಲ್ಲಿ, ಬರೀ ಔಷಧ ತೆಗೆದುಕೊಂಡವರಿಗಿಂತ ಸಾವಾಗಲಿ ಅಟ್ಯಾಕ್ ಆಗಲಿ ಕಡಿಮೆಯಾಗಿರಲಿಲ್ಲ. ನೋವು ಮಾತ್ರ ಇಳಿದಿತ್ತು.

ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯದು ಇದರ ಉಲ್ಟಾ. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳ ಪರೀಕ್ಷೆಯಲ್ಲಿ ಈ ಮಾತ್ರೆ ಸಾವನ್ನು ಸುಮಾರು 30 ಶೇಕಡಾ ತಗ್ಗಿಸಿತು. ಅದೇ ಕಾಲದ ಬೇರೆ ಅಧ್ಯಯನಗಳಲ್ಲಿ, ಸ್ಟ್ಯಾಟಿನ್ ತೆಗೆದುಕೊಂಡವರ ಮೊದಲಿನ ಮತ್ತು ಆಮೇಲಿನ ಆಂಜಿಯೋಗ್ರಾಂಗಳನ್ನು, ಅಂದರೆ ನಾಳಗಳ ಎಕ್ಸ್‌ರೇ ಚಿತ್ರಗಳನ್ನು, ಅಕ್ಕಪಕ್ಕ ಇಟ್ಟು ಹೋಲಿಸಿದರು. ಕಿರಿದಾಗಿದ್ದ ದಾರಿ ಹೆಚ್ಚುಕಡಿಮೆ ಅಷ್ಟೇ ಕಿರಿದಾಗಿತ್ತು. ಅಂದರೆ ಪೈಪು ಅಗಲವಾಗದೆಯೇ ಜೀವ ಉಳಿದಿತ್ತು.