ಸಾಲ ತೀರಿತು, ಓಲೆ ಎಲ್ಲಿ ಹೋಯಿತು?

ಡಿಸೆಂಬರ್ ಬಂತೆಂದರೆ ನನ್ನ ಕಚೇರಿಗೆ ಹೊರದೇಶದ ಕನ್ನಡಿಗರು ಬರತೊಡಗುತ್ತಾರೆ. ಅಪ್ಪನ ಮನೆಯ ಬಾಡಿಗೆ, ಮಾರಿದ ಸೈಟಿನ ತೆರಿಗೆ, ಬ್ಯಾಂಕ್ ಖಾತೆಯ ತಕರಾರು ಎಲ್ಲ ಮುಗಿದು ಇನ್ನೇನು ಎದ್ದು ಹೊರಡಬೇಕು ಅನ್ನುವಾಗ ಅವರಲ್ಲಿ ಒಬ್ಬರಾದರೂ ಮೊಬೈಲ್ ತೆಗೆದು ಮೇಜಿನ ಮೇಲಿಡುತ್ತಾರೆ. ಪರದೆಯ ಮೇಲೆ ಕೀನ್ಯಾದ್ದೋ ಫಿಲಿಪ್ಪೀನ್ಸಿನದೋ ಒಬ್ಬ ಹೆಂಗಸಿನ ಚಿತ್ರ, ಹಿಂದೆ ಅವಳ ತರಕಾರಿ ಅಂಗಡಿ. “ಇಂಟರ್ನೆಟ್ಟಿನ ಮೂಲಕ ಇವಳಿಗೆ ಇಪ್ಪತ್ತೈದು ಡಾಲರ್ ಸಾಲ ಕೊಟ್ಟಿದ್ದೆ ಸರ್. ಒಂದು ಪೈಸೆ ಬಾಕಿಯಿಲ್ಲದೆ ವಾಪಸ್ ಬಂದಿದೆ. ಅವಳ ಬದುಕೂ ನೇರವಾಯಿತು, ನನ್ನ ದುಡ್ಡೂ ನನಗೆ ಸಿಕ್ಕಿತು. ಇದಕ್ಕಿಂತ ಒಳ್ಳೆಯ ದಾನ ಯಾವುದಿದೆ?”

ದುಡ್ಡು ಬಂದಿದೆ ಎಂಬ ಬಗ್ಗೆ ನನ್ನ ತಕರಾರಿಲ್ಲ. ಬದುಕು ನೇರವಾಯಿತು ಎಂಬುದು ಎಲ್ಲಿಂದ ಬಂತು? ದುಡ್ಡು ವಾಪಸ್ ಬಂದದ್ದರಿಂದ ತಿಳಿಯುವುದು ದುಡ್ಡು ವಾಪಸ್ ಬಂದಿದೆ ಎಂಬುದಷ್ಟೇ. ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ ಪಕ್ಕದ ಕೋಣೆಯಲ್ಲಿ ಕೂರುವ ನಮ್ಮ ಗುಮಾಸ್ತರಿಗೂ ಬಾಯಿಪಾಠವಾಗಿದೆ. ಆದರೂ ಮುಂದಿನ ಡಿಸೆಂಬರ್‌ಗೆ ಮತ್ತೆ ಅದೇ ಮೊಬೈಲ್, ಅದೇ ಸಂತೋಷ.

ಹಿಂದೆ ಕೆಲವು ವರ್ಷ ನಾನು ಒಂದು ಕಿರುಸಾಲ (ಮೈಕ್ರೋಫೈನಾನ್ಸ್) ಸಂಸ್ಥೆಯ ಶಾಖೆಗಳ ಲೆಕ್ಕ ತಪಾಸಣೆ ಮಾಡುತ್ತಿದ್ದೆ. ಕೋಲಾರದ ಕಡೆಯ ಒಂದು ಹಳ್ಳಿ. ಬೆಳಿಗ್ಗೆ ಏಳಕ್ಕೇ ಸಂಘದ ಮೀಟಿಂಗ್. ಜಗಲಿಯ ಮುಂದೆ ಚಾಪೆ ಹಾಸಿ ಹೆಂಗಸರು ಐದೈದು ಜನರ ಸಾಲಿನಲ್ಲಿ ಕುಳಿತಿದ್ದರು. ಸೆರಗಿನ ಗಂಟು ಬಿಚ್ಚಿ ಒಬ್ಬೊಬ್ಬರೂ ನೋಟು ಕೊಡುವುದು, ವಸೂಲಿಯ ಹುಡುಗ ಎಣಿಸಿ ಪುಸ್ತಕಕ್ಕೆ ಸಹಿ ಹಾಕುವುದು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಬಾಕಿ ಸೊನ್ನೆ. ಮೂರನೆಯ ಸಾಲಿನ ಕೊನೆಯಲ್ಲಿದ್ದವಳ ಕಿವಿಯಲ್ಲಿ ಓಲೆ ಇರಲಿಲ್ಲ. ತೂತು ಮುಚ್ಚಿಹೋಗದಿರಲೆಂದು ಎರಡೂ ಕಿವಿಗೆ ಪೊರಕೆಕಡ್ಡಿಯ ತುಂಡು ಸಿಕ್ಕಿಸಿಕೊಂಡಿದ್ದಳು. ನಾನು ನೋಡುತ್ತಿರುವುದು ಕಂಡು, “ಓಲೆಗೆ ರಜೆ ಕೊಟ್ಟಿದ್ದೇನೆ ಸ್ವಾಮಿ, ಸೇಟು ಅಂಗಡಿಗೆ ಹೋಗಿದೆ” ಎಂದಳು. “ಈ ವರ್ಷ ಇದು ಮೂರನೆಯ ರಜೆ” ಎಂದು ಪಕ್ಕದವಳು ಸೇರಿಸಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ವರದಿಯಲ್ಲಿ ಆ ಶಾಖೆಗೆ ಅತ್ಯುತ್ತಮ ದರ್ಜೆ ಕೊಟ್ಟೆ. ಓಲೆಯ ವಿಷಯ ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ.

ಕಂತು ಎಲ್ಲಿಂದ ಬೇಕಾದರೂ ಬರಬಹುದು. ಸಾಲದಲ್ಲಿ ಕೊಂಡ ಹಸು ಚೆನ್ನಾಗಿ ಕರೆದು ಡೇರಿಯ ದುಡ್ಡಿನಿಂದ ಬರಬಹುದು. ಗಂಡನ ಗಾರೆ ಕೆಲಸದ ಕೂಲಿಯಿಂದ, ಮಾರಿದ ಎರಡು ಕುರಿಯಿಂದ, ಎದುರುಮನೆಯ ಕೈಗಡದಿಂದ, ಇನ್ನೊಂದು ಸಂಘದ ಹೊಸ ಸಾಲದಿಂದಲೂ ಬರಬಹುದು. ಎಲ್ಲೂ ಹುಟ್ಟದಿದ್ದರೆ ಗುಂಪಿನ ಉಳಿದ ನಾಲ್ವರು ಬೈದುಕೊಂಡು ತುಂಬುತ್ತಾರೆ. ಗುಂಪು ಮಾಡುವುದೇ ಅದಕ್ಕೆ. ಹಸುವಿನ ದುಡ್ಡಿಗೂ ಓಲೆಯ ದುಡ್ಡಿಗೂ ರಿಜಿಸ್ಟರಿನಲ್ಲಿ ಒಂದೇ ಸಹಿ. ಮೊಬೈಲಿನ ಪರದೆಯ ಮೇಲೆ ನಿಮಗೆ ಕಾಣುವ ಮರುಪಾವತಿಯ ಹಸಿರು ಗೆರೆಯೂ ಆ ಸಹಿಯಿಂದಲೇ ಹುಟ್ಟಿದ್ದು.

ವಸೂಲಿಯ ಅಂಕಿ ಎಂಥ ಗಟ್ಟಿ ಗೋಡೆ ಎನ್ನುವವರು ಅದು ಬಿದ್ದ ಕಡೆ ಹೋಗಿ ನೋಡಬೇಕು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರದ ರೇಷ್ಮೆ ಕೆಲಸದ ಕೇರಿಗಳಲ್ಲಿ ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿಗಳು ಕಂತು ಕಟ್ಟಬೇಡಿ ಎಂದವು, ಕಂತು ನಿಂತಿತು. 2010ರ ಅಕ್ಟೋಬರ್‌ನಲ್ಲಿ ಆಂಧ್ರ ಸರ್ಕಾರ ಕಿರುಸಾಲ ಸಂಸ್ಥೆಗಳಿಗೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ತಂದಿತು. ಅಲ್ಲಿಯವರೆಗೆ ಶೇಕಡಾ ನೂರರ ಹತ್ತಿರವಿದ್ದ ವಸೂಲಿ ಕೆಲವೇ ವಾರಗಳಲ್ಲಿ ನೆಲಕಚ್ಚಿತು. ಅಷ್ಟು ದಿನದಲ್ಲಿ ಯಾರ ವ್ಯಾಪಾರವೂ ಮುಳುಗಿರಲಿಲ್ಲ, ಯಾರ ಹಸುವೂ ಸತ್ತಿರಲಿಲ್ಲ. ಮುಂದಿನ ಸಾಲ ಸಿಗುತ್ತದೆಂಬ ಆಸೆ, ನಾಲ್ಕು ಜನರ ಮುಂದೆ ಮಾನ ಹೋದೀತೆಂಬ ಭಯ, ಎರಡೂ ಒಟ್ಟಿಗೆ ಹೋಗಿದ್ದವು.

ಈಗ ಆ ಮೊಬೈಲಿನ ವಿಷಯಕ್ಕೆ ಬರುತ್ತೇನೆ. ಹೆಚ್ಚಿನವರು ತೋರಿಸುವುದು ಕಿವಾ. 2005ರಲ್ಲಿ ಮ್ಯಾಟ್ ಫ್ಲಾನರಿ ಮತ್ತು ಜೆಸ್ಸಿಕಾ ಜ್ಯಾಕ್ಲಿ ಶುರುಮಾಡಿದ, ಇಂಟರ್ನೆಟ್ಟಿನ ಮೂಲಕ ಯಾರು ಬೇಕಾದರೂ ದೂರದ ಬಡವರಿಗೆ ಸಣ್ಣ ಸಾಲ ಕೊಡಬಹುದಾದ ಸಂಸ್ಥೆ. ಮೊದಲ ಸಾಲಗಳು ಹೋದದ್ದು ಉಗಾಂಡಾದ ಟೊರೊರೊ ಎಂಬ ಊರಿಗೆ. ಸ್ವಾಹಿಲಿಯಲ್ಲಿ ಕಿವಾ ಎಂದರೆ ಐಕ್ಯವಂತೆ. ನನಗೆ ಮಾತ್ರ ಆ ಹೆಸರು ಕೇಳಿದಾಗಲೆಲ್ಲ ಪೊರಕೆಕಡ್ಡಿ ಸಿಕ್ಕಿಸಿದ ಕಿವಿಯೇ ನೆನಪಾಗುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲೆಕ್ಕವನ್ನು ಬಿಚ್ಚಿಡುವುದರಲ್ಲಿ ಅನೇಕ ಧರ್ಮಸಂಸ್ಥೆಗಳಿಗಿಂತ ಅವರು ಮೇಲು. ಹೆಚ್ಚಿನ ಸಾಲಗಳಲ್ಲಿ ನಿಮ್ಮ ಹಣ ಆ ಊರಿನ ಸಾಲಸಂಸ್ಥೆಗೆ ಹೋಗುತ್ತದೆ, ಆ ಹೆಂಗಸಿಗೆ ಸಾಮಾನ್ಯವಾಗಿ ಅದಕ್ಕೂ ಮೊದಲೇ ಸಾಲ ಸಿಕ್ಕಿರುತ್ತದೆ. ನಿಮಗೆ ಬಡ್ಡಿ ಸೊನ್ನೆ, ಅವಳಿಗೆ ಸಾಧಾರಣವಾಗಿ ಸೊನ್ನೆಯಲ್ಲ. 2009ರಲ್ಲಿ ಡೇವಿಡ್ ರೂಡ್‌ಮನ್ ಎಂಬ ಸಂಶೋಧಕರು ಇದನ್ನು ಎತ್ತಿ ತೋರಿಸಿದ ಮೇಲೆ ಕಿವಾದವರು ತಮ್ಮ ಪುಟದ ಮಾತುಗಳನ್ನು ತಿದ್ದಿಕೊಂಡರು. ಇವೆಲ್ಲ ಅಲ್ಲೇ ಬರೆದಿದೆ. ನನ್ನ ಗ್ರಾಹಕರು ಓದುವುದಿಲ್ಲ, ಚಿತ್ರ ನೋಡುತ್ತಾರೆ. ಅವರು ಹೆಮ್ಮೆಯಿಂದ ಹೇಳುವ ಶೇಕಡಾ 96ರ ಆಸುಪಾಸಿನ ಮರುಪಾವತಿಯೂ ನಿಜವೇ. ಆದರೆ ಅದು ಸಾಲ ಕೊಟ್ಟವರ ಆರೋಗ್ಯದ ಅಂಕಿ, ಪಡೆದವರದಲ್ಲ.

ಬಡ್ಡಿಯ ಮಾತು ಬಂತಲ್ಲ, ಒಂದು ಲೆಕ್ಕ. ಹೈದರಾಬಾದಿನಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅಧ್ಯಯನ ಮಾಡಿದ ಸಾಲ ಹೀಗಿತ್ತು: ಅಸಲು 10,000 ರೂಪಾಯಿ, 50 ವಾರ, ಬಡ್ಡಿ ಶೇಕಡಾ 12. ಹನ್ನೆರಡು ಎಂದರೆ ಬ್ಯಾಂಕಿನಂತೆಯೇ ಇದೆಯಲ್ಲ ಎನ್ನುತ್ತೀರಿ. ವಾರಕ್ಕೆ 200 ಅಸಲು, 24 ಬಡ್ಡಿ. ಇಪ್ಪತ್ತೈದು ವಾರ ಕಳೆದಾಗ ಅವಳ ಕೈಯಲ್ಲಿ ಉಳಿದಿರುವ ಸಾಲ ಐದೇ ಸಾವಿರ. ಬಡ್ಡಿ ಮಾತ್ರ ಇನ್ನೂ ಹತ್ತು ಸಾವಿರದ ಮೇಲೆಯೇ ನಡೆಯುತ್ತಿದೆ. ವರ್ಷದ ಸರಾಸರಿ ತೆಗೆದರೆ ಸುಮಾರು ಐದು ಸಾವಿರಕ್ಕೆ 1,200 ರೂಪಾಯಿ, ಅಂದರೆ ಶೇಕಡಾ 24ರ ಹತ್ತಿರ. ಮೋಸವೆಂದು ಹೇಳುತ್ತಿಲ್ಲ. ಮನೆಮನೆಗೆ ಹೋಗಿ ಚಿಲ್ಲರೆ ಎಣಿಸಲು ಖರ್ಚಿದೆ, ಮೀಟರ್ ಬಡ್ಡಿಯವನು ಇದರ ಎಷ್ಟೋ ಪಟ್ಟು ಕೀಳುತ್ತಾನೆ. ಆದರೆ ‘ಬಡ್ಡಿಯಿಲ್ಲದ ಸಾಲ ಕೊಟ್ಟೆ’ ಎನ್ನುವಾಗ ನಾಲಿಗೆ ಸ್ವಲ್ಪ ತಡೆಯಲಿ.

ಆ ಅಧ್ಯಯನದಲ್ಲಿ 104 ಬಡಾವಣೆಗಳಲ್ಲಿ ಚೀಟಿ ಎತ್ತಿದಂತೆ 52ನ್ನು ಆರಿಸಿ, ಸಾಲಸಂಸ್ಥೆಯ ಶಾಖೆಗಳನ್ನು ಮೊದಲು ಅಲ್ಲಿ ತೆರೆಸಿದರು. ಒಂದೂವರೆ ವರ್ಷದ ಹೊತ್ತಿಗೆ ಸಾಲ ಬಂದ ಕಡೆ ಮೊದಲೇ ವ್ಯಾಪಾರವಿದ್ದವರು ಒಂದಷ್ಟು ಹೆಚ್ಚು ಬಂಡವಾಳ ಹಾಕಿದ್ದರು. ಮನೆಗೆ ಬಾಳಿಕೆ ಬರುವ ಸಾಮಾನು ಕೊಂಡಿದ್ದರು. ಎಲೆಯಡಿಕೆ, ತಂಬಾಕು, ಹೋಟೆಲ್ ತಿಂಡಿಯ ಖರ್ಚು ಇಳಿದಿತ್ತು. ಈ ಕೊನೆಯದು ನನಗೆ ಬಹಳ ಇಷ್ಟವಾದ ಸಂಗತಿ. ಕಂತು ಕಟ್ಟಲು ಎಲೆಯಡಿಕೆ ಬಿಟ್ಟವರನ್ನು ನಾನು ಬಲ್ಲೆ. ಆದರೆ ಮಕ್ಕಳ ಶಾಲೆ, ಆರೋಗ್ಯ, ಮನೆಯಲ್ಲಿ ಹೆಂಗಸಿನ ಮಾತಿನ ತೂಕ, ಇವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಬಾಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕ್ಕೊಗಳ ಅಧ್ಯಯನಗಳೂ ಇದರ ಜೊತೆಗೇ 2015ರಲ್ಲಿ ಪ್ರಕಟವಾದವು. ಅಲ್ಲಿಯ ಕಥೆಯೂ ಹೆಚ್ಚುಕಡಿಮೆ ಇದೇ: ಸಾಲದಿಂದ ಅನುಕೂಲವಿದೆ, ಕಾಯಾಪಲಟವಿಲ್ಲ.

ನಾನು ಎಲ್ಲರಿಗೂ ಹೇಳುವ ಅಧ್ಯಯನ ಮಾತ್ರ ಕೋಲ್ಕತ್ತದ್ದು. ರೋಹಿಣಿ ಪಾಂಡೆ, ಎರಿಕಾ ಫೀಲ್ಡ್ ಮತ್ತಿತರರು ಮಾಡಿದ್ದು, ಪ್ರಕಟವಾದದ್ದು 2013ರಲ್ಲಿ. ಕೆಲವರಿಗೆ ಎಂದಿನಂತೆ ಎರಡು ವಾರಕ್ಕೇ ಮೊದಲ ಕಂತು. ಇನ್ನು ಕೆಲವರಿಗೆ ಎರಡು ತಿಂಗಳು ಬಿಡುವು. ಇದರಲ್ಲೇನು ಮಹಾ ಎನ್ನಬೇಡಿ. ಸೋಮವಾರ ಸಾಲ ತೆಗೆದುಕೊಂಡು ಮುಂದಿನ ವಾರವೋ ಅದರ ಮುಂದಿನ ವಾರವೋ ಕಂತು ಕಟ್ಟಬೇಕಾದವಳು ಏನು ವ್ಯಾಪಾರ ಮಾಡಿಯಾಳು? ಬೆಳಿಗ್ಗೆ ತಂದು ಸಂಜೆ ಮಾರಿ ಮುಗಿಸುವಂಥದ್ದು. ಅದರ ಮೇಲೆ ಸಾಲದಲ್ಲೇ ಒಂದು ಪಾಲನ್ನು ಕಂತಿಗೆಂದು ಡಬ್ಬಿಯಲ್ಲಿಟ್ಟಿರುತ್ತಾಳೆ. ಹೊಲಿಗೆ ಯಂತ್ರ ಕೊಂಡರೆ ಗಿರಾಕಿ ಹುಟ್ಟಬೇಕು, ಹೆಸರು ಬರಬೇಕು, ಎರಡು ವಾರದಲ್ಲಿ ಅದಾಗುವುದಿಲ್ಲ. ಬಿಡುವು ಸಿಕ್ಕವರು ವ್ಯಾಪಾರಕ್ಕೆ ಹೆಚ್ಚು ದುಡ್ಡು ಹಾಕಿದರು. ಸುಮಾರು ಮೂರು ವರ್ಷದ ನಂತರವೂ ಅವರ ಲಾಭ ಉಳಿದವರಿಗಿಂತ ಸ್ಪಷ್ಟವಾಗಿ ಮೇಲಿತ್ತು. ಜೊತೆಗೆ, ಕಿವಿಗೊಟ್ಟು ಕೇಳಿ, ಸಾಲ ತೀರಿಸದವರೂ ಅವರಲ್ಲೇ ಹೆಚ್ಚು, ಮೂರು ಪಟ್ಟಿಗೂ ಮಿಗಿಲು.

ಇನ್ನೊಮ್ಮೆ ಹೇಳುತ್ತೇನೆ, ಬೇಸರಪಡಬೇಡಿ. ಹೆಚ್ಚು ಸಂಪಾದಿಸಿದ್ದು ಯಾವ ಗುಂಪೋ, ಹೆಚ್ಚು ಸಾಲ ಮುಳುಗಿದ್ದೂ ಅದೇ ಗುಂಪಿನಲ್ಲಿ. ನಿಮ್ಮ ಮೊಬೈಲಿನ ಪರದೆಯಲ್ಲಿ ಕಳಪೆಯಾಗಿ ಕಾಣುವ ಗುಂಪು ಅದು. ಎಂಥದೇ ವ್ಯಾಪಾರಕ್ಕೆ ಕೈಹಾಕಿದರೂ ಕೆಲವು ಕೈಕೊಡುತ್ತವೆ, ನಿಮ್ಮ ಮಾವನ ಪೆಟ್ರೋಲ್ ಬಂಕನ್ನೂ ಸೇರಿಸಿ. ಐವತ್ತು ಸಾಲದಲ್ಲಿ ಒಂದೂ ಮುಳುಗಿಲ್ಲ ಎಂದರೆ ಆ ಐವತ್ತು ಮಂದಿ ಯಾವ ಅಪಾಯಕ್ಕೂ ಕೈಹಾಕಿರಲಿಕ್ಕಿಲ್ಲ, ಅಥವಾ ಮುಳುಗಿದ್ದನ್ನು ಇನ್ನೆಲ್ಲಿಂದಲೋ ಎತ್ತಿ ಕಟ್ಟಿರಬೇಕು. ಇರಬೇಕು ಎಂದಷ್ಟೇ ಹೇಳುತ್ತೇನೆ. ನಿಮ್ಮ ಐವತ್ತು ಮಂದಿಯನ್ನು ನಾನು ಕಂಡಿಲ್ಲ.

ಹಾಗಾದರೆ ಸುಮ್ಮನೆ ಕೊಟ್ಟುಬಿಡಿ ಎಂದರೆ ಇವರಿಗೆ ಮೈಯೆಲ್ಲ ಮುಳ್ಳು. ನ್ಯೂಜೆರ್ಸಿಯಿಂದ ಬರುವ ಒಬ್ಬರು, “ಪುಕ್ಕಟೆ ಕೊಟ್ಟರೆ ಸೋಮಾರಿಗಳಾಗುತ್ತಾರೆ ಸರ್, ಕುಡಿದು ಹಾಳುಮಾಡುತ್ತಾರೆ” ಎಂದರು. ಅವರ ತಂದೆ ನನಗೆ ಹಳೆಯ ಪರಿಚಯ. ಮೈಸೂರಿನಲ್ಲಿ ವಾರಾನ್ನ ಮಾಡಿ ಓದಿದವರು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಶನಿವಾರದ ಮನೆಯವರು ಊರಿಗೆ ಹೋದರೆ ಅಂದು ಏಕಾದಶಿ. ಆ ಏಳು ಮನೆಯವರು ಅನ್ನ ಬಡಿಸಿ ಮರುಪಾವತಿಯ ಪುಸ್ತಕ ಬರೆಯಲಿಲ್ಲ. ಹುಡುಗ ಸೋಮಾರಿಯಾಗಲಿಲ್ಲ, ಎಂಜಿನಿಯರಾದ. ಆ ಎಂಜಿನಿಯರನ ಮಗನೇ ನನ್ನ ಮುಂದೆ ಕುಳಿತಿದ್ದದ್ದು. ಹೇಳಿಬಿಟ್ಟೆ. ಸ್ವಲ್ಪ ಖಾರವಾಯಿತೇನೋ, ಅವರು ಎರಡು ವರ್ಷ ಬರಲಿಲ್ಲ, ಆಮೇಲೆ ಬಂದರು.

ಪಶ್ಚಿಮ ಕೀನ್ಯಾದಲ್ಲಿ ಗಿವ್‌ಡೈರೆಕ್ಟ್‌ಲಿ ಎಂಬ ಸಂಸ್ಥೆ ಬಡ ಕುಟುಂಬಗಳ ಮೊಬೈಲಿಗೆ, ಎಂ-ಪೆಸಾ ಎಂಬ ಮೊಬೈಲ್ ಹಣದ ವ್ಯವಸ್ಥೆಯ ಮೂಲಕ, ಷರತ್ತಿಲ್ಲದೆ ಹಣ ಹಾಕುತ್ತಾ ಬಂದಿದೆ. ಅಲ್ಲಿ ನಡೆದ ಅಧ್ಯಯನದಲ್ಲಿ ಹೆಂಡ, ತಂಬಾಕಿನ ಖರ್ಚು ಏರಲಿಲ್ಲ. ಜನ ದನಕರು ಕೊಂಡರು, ಹುಲ್ಲಿನ ಮಾಡು ತೆಗೆದು ತಗಡು ಹೊದಿಸಿದರು. ‘ತಗಡು ಹೊದಿಸಿದರೆ ಆದಾಯ ಬರುತ್ತದೆಯೇ’ ಎಂದು ಕೇಳಿದವರಿದ್ದಾರೆ. ಮಲೆನಾಡಿನ ನನ್ನ ಅಜ್ಜಿಯ ಮನೆಯ ಕೊಟ್ಟಿಗೆಗೆ ಮಳೆಗಾಲದ ಮುಂಚೆ ಪ್ರತಿ ವರ್ಷ ಹುಲ್ಲು ಹೊದಿಸಬೇಕಿತ್ತು. ಹುಲ್ಲಿಗೆ ದುಡ್ಡು, ಆಳಿಗೆ ದುಡ್ಡು, ಆದರೂ ಆಷಾಢದಲ್ಲಿ ಸೋರುತ್ತಿತ್ತು. ಹೆಂಚು ಹಾಕಿಸಿದ ವರ್ಷದಿಂದ ಆ ಖರ್ಚೇ ಇಲ್ಲವಾಯಿತು. ಯಾವ ಸಾಲಸಂಸ್ಥೆಯೂ ಅದನ್ನು ಉತ್ಪಾದಕ ಉದ್ದೇಶ ಎಂದು ಬರೆದುಕೊಳ್ಳುತ್ತಿರಲಿಲ್ಲ.

ಸಾಲ ಕೊಡಲೇಬೇಡಿ ಎಂದು ನಾನು ಹೇಳಿದೆ ಎಂದು ಯಾರೂ ಬರೆದುಕೊಳ್ಳಬಾರದು. ಕೈಸಾಲ ಹುಟ್ಟದ ಊರಿನಲ್ಲಿ ಸಂಘದ ಸಾಲವೇ ಎಷ್ಟೋ ಮನೆಗಳ ಮರ್ಯಾದೆ ಉಳಿಸಿದೆ. ಕೊಡುವುದಾದರೆ ಪಡೆದವಳ ಚಿತ್ರಕ್ಕಿಂತ ಮೊದಲು ಅಲ್ಲಿಯ ಸಂಸ್ಥೆಯ ಪುಟ ಓದಿ: ಅವಳಿಂದ ಎಷ್ಟು ಬಡ್ಡಿ, ಮೊದಲ ಕಂತು ಯಾವಾಗ, ಮಳೆ ಕೈಕೊಟ್ಟ ವರ್ಷ ಏನು ಮಾಡುತ್ತಾರೆ, ಅವಳಿಗೆ ಬೇರೆ ಸಾಲ ಎಷ್ಟಿದೆ ಎಂದು ನೋಡುತ್ತಾರೆಯೇ. ನಮ್ಮ ರಿಸರ್ವ್ ಬ್ಯಾಂಕ್ 2022ರಲ್ಲಿ ಎಲ್ಲ ಸಾಲದ ಕಂತೂ ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧ ಮೀರಬಾರದು ಎಂದು ನಿಯಮ ಮಾಡಿತು. ನಿಯಮ ಇದ್ದೂ 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಕುಳದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತರಬೇಕಾಯಿತು.

ಊರಿನ ಟ್ರಸ್ಟಿಗೆ ಕೊಡುವವರಿಗೆ ಒಂದೇ ಎಚ್ಚರಿಕೆ. ಭಾರತದ ಪಾಸ್‌ಪೋರ್ಟ್ ಇದ್ದು ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆಯಲ್ಲ. ಅಲ್ಲಿಯ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆ. ಆ ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇರಬೇಕು, ಹಣ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಕಾನೂನು ಬದಲಾಗುತ್ತಿರುತ್ತದೆ, ಕಳಿಸುವ ಮುನ್ನ ವಿಚಾರಿಸಿ. ಮನೆಗೆಲಸದವರ ಮಗಳ ಕಾಲೇಜಿಗೆ ‘ಸಾಲ’ ಕೊಡುತ್ತೇನೆ ಎನ್ನುವವರೂ ಬರುತ್ತಾರೆ. ಅವರಿಗೆ ನಾನು, ವಾಪಸ್ ಬಾರದಿದ್ದರೆ ಅವಳ ಮುಖ ನೋಡಿ ಎಂದಿನಂತೆ ಮಾತನಾಡಿಸಬಲ್ಲಿರಾ ಎಂದು ಕೇಳುತ್ತೇನೆ. ಅನುಮಾನಿಸಿದರೆ, ಕೊಡುವಷ್ಟನ್ನು ಕೊಟ್ಟೇಬಿಡಿ, ಸಾಲವೆಂಬ ಪದ ಬೇಡ ಎನ್ನುತ್ತೇನೆ.

ಕಳೆದ ತಿಂಗಳು ಟೆಕ್ಸಾಸಿನಿಂದ ಒಬ್ಬರು ಫೋನ್ ಮಾಡಿದ್ದರು. ಅವರು ಕೊಟ್ಟ ಹತ್ತಾರು ಸಾಲಗಳಲ್ಲಿ ಮೊದಲ ಬಾರಿಗೆ ಒಂದು ಮುಳುಗಿತ್ತು. ಯಾರೋ ರೈತ, ಬೆಳೆ ಒಣಗಿತ್ತು, ಸಂಸ್ಥೆ ಬಾಕಿಯನ್ನು ಕೈಬಿಟ್ಟಿತ್ತು. “ನಾನು ಮೋಸ ಹೋದೆನೇ ಸರ್?” ಎಂದರು. ಆ ರೈತನ ಮನೆಯ ಓಲೆ ಉಳಿದಿರಬಹುದು ಎಂದೆ. ಓಲೆಯ ಕಥೆಯನ್ನು ಫೋನ್ ಮಾಡಿದವರಿಗೆ ಎರಡು ಸಲ ಹೇಳಿದ್ದೇನೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಾಗಿದ್ದರೆ ಈ ಇಪ್ಪತ್ತೈದು ಡಾಲರನ್ನು ತೆರಿಗೆಯಲ್ಲಿ ನಷ್ಟ ಎಂದು ತೋರಿಸಬಹುದೇ?” ಎಂದು ಕೇಳಿದರು. ಅದನ್ನು ಅಲ್ಲಿಯ ಲೆಕ್ಕಿಗರನ್ನೇ ಕೇಳಿ ಎಂದೆ.