1908ರಲ್ಲಿ ಗೆದ್ದ ಪಂದ್ಯ ಟೈ ಆದದ್ದು ಹೇಗೆ?

ಪ್ರಶ್ನೆ: ಅಮೆರಿಕದ 1908ರ ಬೇಸ್‌ಬಾಲ್ ಸೀಸನ್ ಬಗ್ಗೆ ಎಲ್ಲೇ ಓದಿದರೂ, ಫ್ರೆಡ್ ಮರ್ಕಲ್ ಒಬ್ಬನಿಂದಲೇ ನ್ಯೂಯಾರ್ಕ್ ಜೈಂಟ್ಸ್‌ಗೆ ಪ್ರಶಸ್ತಿ ಕೈತಪ್ಪಿತು ಅಂತಾರೆ. ಅವನು ಮಾಡಿದ್ದಾದರೂ ಏನು? ನಿಜವಾಗ್ಲೂ ಅವನದೇ ತಪ್ಪಾ?

ತಪ್ಪು ಮಾಡಿದ, ನಿಜ. ಆದರೆ ಇಡೀ ಸೀಸನ್ನಿನ ಸೋಲನ್ನು ಅವನ ತಲೆಗೆ ಕಟ್ಟಿದ್ದು ಅನ್ಯಾಯ.

ಅವತ್ತು ಸೆಪ್ಟೆಂಬರ್ 23. ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಜೈಂಟ್ಸ್‌ಗೂ ಶಿಕಾಗೊ ಕಬ್ಸ್‌ಗೂ ಪಂದ್ಯ. ಅಮೆರಿಕದ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ನ ಮೊದಲ ಸ್ಥಾನಕ್ಕೆ ಈ ಎರಡು ತಂಡಗಳ ಜೊತೆ ಪಿಟ್ಸ್‌ಬರ್ಗ್ ಪೈರೇಟ್ಸ್ ಕೂಡ ಜಿದ್ದಿಗೆ ಬಿದ್ದಿತ್ತು. ಮರ್ಕಲ್‌ಗೆ ಆಗಿನ್ನೂ 19 ವರ್ಷ. ಮೊದಲನೇ ಬೇಸ್ (ರನ್ನಿಗಾಗಿ ಓಡುವವನು ಮುಟ್ಟಬೇಕಾದ ಮೊದಲ ಗುರುತು) ಕಾಯುತ್ತಿದ್ದ ಫ್ರೆಡ್ ಟೆನ್ನಿಗೆ ಬೆನ್ನು ನೋವು ಬಂದಿದ್ದರಿಂದ ಈ ಹುಡುಗನಿಗೆ ಚಾನ್ಸ್ ಸಿಕ್ಕಿತ್ತು.

ಕೊನೆಯ, ಅಂದರೆ ಒಂಬತ್ತನೇ ಇನ್ನಿಂಗ್ಸ್, ಸ್ಕೋರು 1–1. ಜೈಂಟ್ಸ್ ಬ್ಯಾಟಿಂಗ್, ಎರಡು ಔಟ್ ಆಗಿವೆ, ಮೂರಾದರೆ ಸರದಿ ಮುಗಿಯಿತು. ಮೂರನೇ ಬೇಸ್‌ನಲ್ಲಿ ಮೂಸ್ ಮೆಕಾರ್ಮಿಕ್, ಮೊದಲನೇ ಬೇಸ್‌ನಲ್ಲಿ ಮರ್ಕಲ್. ಅಲ್ ಬ್ರಿಡ್ವೆಲ್ ಚೆಂಡನ್ನು ಸೆಂಟರ್ ಫೀಲ್ಡಿಗೆ ಹೊಡೆದ. ಮೆಕಾರ್ಮಿಕ್ ಓಡಿ ಬಂದು ಹೋಮ್, ಅಂದರೆ ರನ್ ಸಿಗುವ ಕೊನೆಯ ಬೇಸ್, ಮುಟ್ಟಿದ. ಜೈಂಟ್ಸ್ ಗೆದ್ದಿತು ಅಂತ ಜನ ಮೈದಾನಕ್ಕೆ ನುಗ್ಗಿದರು. ಎರಡನೇ ಬೇಸ್ ಕಡೆ ಓಡುತ್ತಿದ್ದ ಮರ್ಕಲ್ ಕೂಡ ಅರ್ಧದಲ್ಲೇ ಕ್ಲಬ್‌ಹೌಸ್ ಕಡೆ ತಿರುಗಿಬಿಟ್ಟ.

ಎಡವಟ್ಟಾದದ್ದು ಅಲ್ಲೇ. ಹೊಡೆದವನು ಮೊದಲನೇ ಬೇಸ್‌ಗೆ ಬರುವುದರಿಂದ ಅಲ್ಲಿದ್ದವನು ಎರಡನೆಯದಕ್ಕೆ ಹೋಗಲೇಬೇಕು. ಅವನು ಮುಟ್ಟುವ ಮೊದಲೇ ಎದುರಾಳಿ ಚೆಂಡು ಹಿಡಿದು ಆ ಬೇಸ್ ಮುಟ್ಟಿದರೆ ಔಟ್. ಅದು ಮೂರನೇ ಔಟ್ ಆದರೆ, ಅಷ್ಟರೊಳಗೆ ಹೋಮ್ ಮುಟ್ಟಿದವನ ರನ್ನೂ ಲೆಕ್ಕಕ್ಕಿಲ್ಲ. ಕ್ರಿಕೆಟ್‌ನಲ್ಲಿ ಒಬ್ಬ ಕ್ರೀಸ್ ಮುಟ್ಟಿದರೂ ಜೊತೆಗಾರ ರನೌಟ್ ಆದರೆ ಆ ರನ್ ಸಿಗಲ್ಲ, ಅಲ್ವಾ? ಹಾಗೇ.

ಕಬ್ಸ್‌ನ ಜಾನಿ ಎವರ್ಸ್ ಇದನ್ನು ಗಮನಿಸಿ ಚೆಂಡು ಕೊಡಿ ಅಂತ ಕೂಗಿದ. ಜೈಂಟ್ಸ್‌ನ ಜೋ ಮೆಕ್‌ಗಿನ್ನಿಟಿ ಚೆಂಡನ್ನು ಕಿತ್ತುಕೊಂಡು ಜನರ ಮಧ್ಯೆ ಎಸೆದ ಅನ್ನುತ್ತಾರೆ. ಕೊನೆಗೂ ಎವರ್ಸ್ ಒಂದು ಚೆಂಡು ಹಿಡಿದು ಬೇಸ್ ಮೇಲೆ ನಿಂತ. ಅದು ಅದೇ ಚೆಂಡಾ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಅಂಪೈರ್ ಹ್ಯಾಂಕ್ ಓಡೇ ಮರ್ಕಲ್ ಔಟ್ ಅಂದರು. ಮೈದಾನದ ತುಂಬ ಜನ, ಕತ್ತಲೂ ಆಗುತ್ತಿತ್ತು. ಪಂದ್ಯ ಟೈ.

ಮರ್ಕಲ್ ಮಾಡಿದ್ದು ಆಗ ಎಲ್ಲರೂ ಮಾಡುತ್ತಿದ್ದದ್ದೇ. ಗೆಲುವಿನ ರನ್ ಬಂದರೆ ಉಳಿದವರು ಸೀದಾ ಒಳಗೆ ಹೋಗುತ್ತಿದ್ದರು. ಅಂಪೈರ್‌ಗಳೂ ಸುಮ್ನೆ ಬಿಡುತ್ತಿದ್ದರು. ಸೆಪ್ಟೆಂಬರ್ 4ರಂದು ಪಿಟ್ಸ್‌ಬರ್ಗ್‌ನಲ್ಲಿ ಪೈರೇಟ್ಸ್‌ನ ವಾರನ್ ಗಿಲ್ ಹೀಗೇ ಮಾಡಿದ್ದ. ಆಗಲೂ ಕಬ್ಸ್ ಎದುರಾಳಿ, ತಕರಾರು ಎತ್ತಿದವನು ಎವರ್ಸ್, ಅಂಪೈರ್ ಓಡೇ. ನಾನು ನೋಡಲಿಲ್ಲ ಅಂತ ಓಡೇ ರನ್ ಕೊಟ್ಟುಬಿಟ್ಟಿದ್ದರು. ಮೂರೇ ವಾರಕ್ಕೆ ಅದೇ ನಿಯಮವನ್ನು ಬಿಗಿಯಾಗಿ ಹಿಡಿದರು. ನಿಯಮದ ಪ್ರಕಾರ ತೀರ್ಪು ಸರಿ. ಆದರೆ ಅಷ್ಟು ವರ್ಷದ ರೂಢಿಗೆ ಬೆಲೆ ತೆತ್ತವನು ಈ ಹುಡುಗ.

ಸೀಸನ್ ಮುಗಿದಾಗ ಜೈಂಟ್ಸ್, ಕಬ್ಸ್ ಸರಿಸಮ. ಅಕ್ಟೋಬರ್ 8ರಂದು ಮತ್ತೆ ಆಡಿಸಿದರು. ಕಬ್ಸ್ 4–2ರಿಂದ ಗೆದ್ದು, ಎರಡು ಲೀಗ್‌ಗಳ ವಿಜೇತರು ಆಡುವ ವರ್ಲ್ಡ್ ಸೀರೀಸ್ ಕೂಡ ಗೆದ್ದಿತು. ಆಮೇಲೆ ಆ ಕಪ್ ಅವರಿಗೆ ಸಿಕ್ಕಿದ್ದು 2016ರಲ್ಲೇ.

ಇನ್ನೊಂದು ಮಾತು ಹೇಳಲೇಬೇಕು. ಸೀಸನ್ನಿನ ಕೊನೇ ವಾರ ಫಿಲಡೆಲ್ಫಿಯಾ ಫಿಲ್ಲೀಸ್‌ನ ಹೊಸ ಪಿಚರ್ (ಚೆಂಡು ಎಸೆಯುವವನು) ಹ್ಯಾರಿ ಕೊವೆಲೆಸ್ಕಿ ಐದು ದಿನದಲ್ಲಿ ಮೂರು ಸಲ ಜೈಂಟ್ಸ್ ತಂಡವನ್ನು ಸೋಲಿಸಿದ. ಅದರಲ್ಲಿ ಒಂದೇ ಒಂದು ಗೆದ್ದಿದ್ದರೂ ಸೀಸನ್ ಮುಗಿದಾಗ ಜೈಂಟ್ಸ್ ಕಬ್ಸ್‌ಗಿಂತ ಮುಂದಿರುತ್ತಿತ್ತು. ಆದರೂ ಬೋನ್‌ಹೆಡ್, ಅಂದರೆ ಪೆದ್ದ, ಅನ್ನುವ ಹೆಸರು ಬದುಕಿಡೀ ಅಂಟಿದ್ದು ಮರ್ಕಲ್‌ಗೆ. ಜೈಂಟ್ಸ್ ಮ್ಯಾನೇಜರ್ ಜಾನ್ ಮೆಗ್ರಾ ಮಾತ್ರ ಅವನನ್ನು ದೂರಲಿಲ್ಲ, ತಂಡದಲ್ಲೇ ಇಟ್ಟುಕೊಂಡರು. 1910ರಿಂದ ಮೊದಲನೇ ಬೇಸ್ ಅವನದೇ ಆಯ್ತು. 1911, 1912, 1913, ಮೂರೂ ವರ್ಷ ಜೈಂಟ್ಸ್ ಲೀಗ್ ಗೆದ್ದಾಗ ಅಲ್ಲಿ ನಿಂತಿದ್ದವನು ಅವನೇ.